ಬಸಿದ ಮೊಸರಿನಲ್ಲಿ ಉಳಿಯುವುದೇನು, ಇಳಿದು ಹೋಗುವುದೇನು

ಗ್ರೀಕ್ ಯೋಗರ್ಟ್ ಎಂಬ ಹೆಸರಿನಲ್ಲಿ ಅಂಗಡಿಗೆ ಬಂದಿರುವ ದಪ್ಪ ಮೊಸರಿನ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಸಾಮಾನ್ಯ ಮೊಸರಿಗಿಂತ ಅದು ಎಲ್ಲ ವಿಧದಲ್ಲೂ ಶ್ರೇಷ್ಠ, ಮೈತೂಕ ಇಳಿಸುತ್ತದೆ, ಮೂಳೆಗೆ ಬಲ, ಹೊಟ್ಟೆಗೆ ಹಿತ ಎಂಬುದು ಒಂದು. ಅದು ನಮ್ಮ ಗಟ್ಟಿ ಮೊಸರೇ, ಪರದೇಶದ ಹೆಸರಿಟ್ಟು ದುಬಾರಿ ಮಾಡಿದ್ದಾರೆ ಅಷ್ಟೇ ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯ, ಮತ್ತು ಎರಡೂ ಒಂದೇ ಪ್ರಶ್ನೆಯನ್ನು ದಾಟಿ ಹೋಗುತ್ತವೆ: ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಬಸಿದಾಗ ಯಾವ ಅಂಶ ಬಟ್ಟೆಯಲ್ಲಿ ಉಳಿಯುತ್ತದೆ, ಯಾವುದು ನೀರಿನ ಜೊತೆ ಕೆಳಗಿಳಿಯುತ್ತದೆ? ಬಸಿಯುವುದರಿಂದ ಮೊಸರಿಗೆ ಹೊಸದಾಗಿ ಏನೂ ಸೇರುವುದಿಲ್ಲ. ಇದ್ದದ್ದೇ ಎರಡು ಪಾಲಾಗುತ್ತದೆ. ಆ ಪಾಲುಪಟ್ಟಿ ಗೊತ್ತಾದರೆ ಬಸಿದ ಮೊಸರು ಯಾವ ಕೆಲಸಕ್ಕೆ ಒಳ್ಳೆಯದು, ಯಾವುದಕ್ಕೆ ಸಾಮಾನ್ಯ ಮೊಸರೇ ಮೇಲು, ಅಂಗಡಿಯಲ್ಲಿ ಯಾವ ಡಬ್ಬಿಯನ್ನು ಕೈಗೆತ್ತಿಕೊಳ್ಳಬೇಕು ಎಂಬುದೆಲ್ಲ ತಾನಾಗಿ ತೀರ್ಮಾನವಾಗುತ್ತದೆ.

ಮೊಸರು ಬಸಿಯುವ ರೂಢಿ ಗ್ರೀಸ್ ಒಂದರದ್ದೇ ಅಲ್ಲ. ಗ್ರೀಸ್‌ನಲ್ಲಿ ಕುರಿಹಾಲಿನ ಮೊಸರನ್ನು ಬಟ್ಟೆಚೀಲದಲ್ಲಿ ಬಸಿದು, ಸೌತೆಕಾಯಿ ಮತ್ತು ಬೆಳ್ಳುಳ್ಳಿ ಬೆರೆಸಿ ಜಾಜೀಕಿ ಮಾಡುತ್ತಾರೆ. ಟರ್ಕಿಯಲ್ಲಿ ಇದೇ ಪದಾರ್ಥ ಸುಜ್ಮೆ, ಲೆಬನಾನ್ ಮತ್ತು ಸಿರಿಯಾದಲ್ಲಿ ಲಬ್ನೆ. ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಮನೆಗಳಲ್ಲಿ ಶ್ರೀಖಂಡಕ್ಕೆಂದು ಸಿದ್ಧಪಡಿಸುವ ಚಕ್ಕಾ ಕೂಡ ಬಸಿದ ಮೊಸರೇ. ಇದನ್ನು ಜಗತ್ತಿನ ದಿನಸಿ ಪಟ್ಟಿಗೆ ಸೇರಿಸಿದ್ದು ಮಾತ್ರ ಗ್ರೀಸ್ ಹೆಸರಿನ ವ್ಯಾಪಾರ. ಅಥೆನ್ಸ್‌ನಲ್ಲಿ 1926ರಲ್ಲಿ ಹಾಲಿನಂಗಡಿಯಾಗಿ ಶುರುವಾದ ಫಾಯೆ ಕಂಪನಿ ಬಸಿದ ಮೊಸರನ್ನು ಹೊರದೇಶಗಳಿಗೆ ಕಳಿಸತೊಡಗಿತು. ಟರ್ಕಿಯಿಂದ ಅಮೆರಿಕಕ್ಕೆ ಹೋದ ಹಮ್ದಿ ಉಲುಕಾಯಾ 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಹಳೆಯ ಮೊಸರು ಕಾರ್ಖಾನೆಯೊಂದನ್ನು ಕೊಂಡು, 2007ರಲ್ಲಿ ಚೊಬಾನಿ ಹೆಸರಿನ ಮೊಸರನ್ನು ಮಾರುಕಟ್ಟೆಗೆ ತಂದರು. ಅದುವರೆಗೆ ಅಲ್ಲಿನ ಅಂಗಡಿಗಳ ಮೂಲೆಯಲ್ಲಿದ್ದ ಬಸಿದ ಮೊಸರು ಕೆಲವೇ ವರ್ಷಗಳಲ್ಲಿ ಅಮೆರಿಕದ ಮೊಸರು ವ್ಯಾಪಾರದ ಮೂರನೇ ಒಂದು ಭಾಗವನ್ನು ದಾಟಿತು. ಭಾರತದ ನಗರಗಳಿಗೆ ಬಂದದ್ದು ಆ ಅಲೆಯ ಮುಂದುವರಿಕೆ. ಆರೋಗ್ಯದ ಹೆಸರಿನಲ್ಲಿ ಇಷ್ಟು ಬೇಗ ಹಬ್ಬಿದ ಯಾವ ಆಹಾರವನ್ನೂ ಅದರ ರಸಾಯನಶಾಸ್ತ್ರದಿಂದಲೇ ಅಳೆಯುವುದು ಕ್ಷೇಮ.

ಹಸುವಿನ ಹಾಲಿನಲ್ಲಿ ಶೇ. 87ರಷ್ಟು ನೀರು. ಉಳಿದದ್ದರಲ್ಲಿ ಪ್ರೋಟೀನ್ ನೂರು ಗ್ರಾಮಿಗೆ ಮೂರು ಗ್ರಾಮಿಗಿಂತ ತುಸು ಹೆಚ್ಚು, ಅದರ ಐದರಲ್ಲಿ ನಾಲ್ಕು ಪಾಲು ಕೇಸೀನ್. ಕೇಸೀನ್ ಬಿಡಿ ಅಣುಗಳಾಗಿ ಇರುವುದಿಲ್ಲ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗೋಲಿಗಳಾಗಿ ತೇಲುತ್ತಿರುತ್ತದೆ. ಪ್ರತಿ ಗೋಲಿಯೊಳಗೂ ಕ್ಯಾಲ್ಸಿಯಂ ಫಾಸ್ಫೇಟ್ ಬೆಸುಗೆಯಂತೆ ಕೂತಿರುತ್ತದೆ. ಗೋಲಿಗಳ ಹೊರಮೈಯಲ್ಲಿ ಋಣವಿದ್ಯುತ್ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಹಾಲು ಹಾಲಾಗಿಯೇ ಇರುತ್ತದೆ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಹಾಲಿನ ಪಿಎಚ್ 6.6ರ ಆಸುಪಾಸಿನಿಂದ ಇಳಿಯುತ್ತ 4.6ಕ್ಕೆ ಬಂದಾಗ ಗೋಲಿಗಳ ವಿದ್ಯುತ್ ತಟಸ್ಥವಾಗಿ, ಅವು ಒಂದಕ್ಕೊಂದು ಅಂಟಿ ಬಲೆಯಾಗುತ್ತವೆ. ಕೊಬ್ಬಿನ ಹನಿಗಳು ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತವೆ, ನೀರು ಅದರ ಕಣ್ಣುಗಳಲ್ಲಿ ನಿಲ್ಲುತ್ತದೆ. ಇದೇ ಮೊಸರು. ಹಾಲನ್ನು ಚೆನ್ನಾಗಿ ಕಾಯಿಸಿ ಆಮೇಲೆ ಹೆಪ್ಪು ಹಾಕುವ ನಮ್ಮ ಪದ್ಧತಿಗೂ ಇಲ್ಲಿ ಬೆಲೆಯಿದೆ. ಕೇಸೀನ್ ಅಲ್ಲದ ಉಳಿದ ಪ್ರೋಟೀನುಗಳಲ್ಲಿ ಮುಖ್ಯವಾದ ಬೀಟಾ ಲ್ಯಾಕ್ಟೋಗ್ಲಾಬ್ಯುಲಿನ್ ಕಾದಾಗ ಸುರುಳಿ ಬಿಚ್ಚಿಕೊಂಡು ಕೇಸೀನ್ ಗೋಲಿಗಳ ಮೈಗೆ ಅಂಟುತ್ತದೆ. ಹಾಗಾಗಿ ಕಾಯಿಸಿದ ಹಾಲಿನ ಮೊಸರು ಗಟ್ಟಿಯಾಗಿ ಕೂರುತ್ತದೆ, ಬಸಿದಾಗಲೂ ಪ್ರೋಟೀನ್ ನೀರಿನ ಜೊತೆ ಹೆಚ್ಚು ಹೋಗುವುದಿಲ್ಲ. ಕಾರ್ಖಾನೆಗಳು ಹಾಲನ್ನು 85ರಿಂದ 95 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವುದಕ್ಕೂ ಇದೇ ಕಾರಣ.

ಈಗ ಪಾಲುಪಟ್ಟಿ ಸರಳವಾಗುತ್ತದೆ. ಬಲೆಯ ಭಾಗವಾಗಿರುವುದು ಬಟ್ಟೆಯಲ್ಲಿ ಉಳಿಯುತ್ತದೆ: ಪ್ರೋಟೀನ್ ಮತ್ತು ಕೊಬ್ಬು. ನೀರಿನಲ್ಲಿ ಕರಗಿರುವುದು ನೀರಿನೊಡನೆ ಇಳಿಯುತ್ತದೆ: ಲ್ಯಾಕ್ಟೋಸ್, ಲ್ಯಾಕ್ಟಿಕ್ ಆಮ್ಲ, ಪೊಟ್ಯಾಸಿಯಂ, ಬಿ ಗುಂಪಿನ ಕೆಲವು ವಿಟಮಿನ್‌ಗಳು. ಬಸಿದ ನೀರಿಗೆ ಹಸಿರು ಮಿಶ್ರಿತ ಹಳದಿ ಬಣ್ಣ ಬರುವುದು ರೈಬೋಫ್ಲೇವಿನ್ ಎಂಬ ವಿಟಮಿನ್‌ನಿಂದ. ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದಲ್ಲಿ ಕೆನೆಸಹಿತ ಹಾಲಿನ ಸಾದಾ ಮೊಸರಿಗೆ ನೂರು ಗ್ರಾಮಿಗೆ 3.5 ಗ್ರಾಂ ಪ್ರೋಟೀನ್, 4.7 ಗ್ರಾಂ ಸಕ್ಕರೆ, 61 ಕಿಲೊಕ್ಯಾಲೊರಿ ಇದೆ. ಕೊಬ್ಬು ತೆಗೆದ ಸಾದಾ ಗ್ರೀಕ್ ಮೊಸರಿಗೆ 10 ಗ್ರಾಂ ಪ್ರೋಟೀನ್, 3.2 ಗ್ರಾಂ ಸಕ್ಕರೆ, 59 ಕಿಲೊಕ್ಯಾಲೊರಿ. ಹೆಚ್ಚುಕಡಿಮೆ ಅದೇ ಶಕ್ತಿಯಲ್ಲಿ ಮೂರು ಪಟ್ಟು ಪ್ರೋಟೀನ್ ಸಿಗುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುವುದನ್ನು ನೆನೆದರೆ ಈ ಮೊಸರಿನ ಒಂದು ಬಟ್ಟಲಿನ ಅಳತೆ ತಿಳಿಯುತ್ತದೆ. ಬಸಿದ ಮೊಸರಿನ ಬಗ್ಗೆ ಹೇಳುವ ಒಳ್ಳೆಯ ಮಾತುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಲ್ಲುವುದು ಇದು, ಮತ್ತು ಇದು ಸಣ್ಣ ಮಾತಲ್ಲ.

ಹೆಚ್ಚಿನವರು ಎಡವುವುದು ಕ್ಯಾಲ್ಸಿಯಂ ವಿಷಯದಲ್ಲಿ. ಗಟ್ಟಿಯಾದ ಮೇಲೆ ಕ್ಯಾಲ್ಸಿಯಂ ಕೂಡ ಸಾಂದ್ರವಾಗಿರಬೇಕು ಎಂದು ತೋರುವುದು ಸಹಜ. ಹಾಲಿನಲ್ಲಿ ಕ್ಯಾಲ್ಸಿಯಂನ ಹೆಚ್ಚು ಪಾಲು ಕೇಸೀನ್ ಗೋಲಿಯೊಳಗಿರುವುದು ನಿಜ. ಆದರೆ ಹುಳಿ ಏರಿದಂತೆ ಆ ಬೆಸುಗೆ ಕರಗುತ್ತದೆ. ಪಿಎಚ್ 4.6ಕ್ಕೆ ಬರುವ ಹೊತ್ತಿಗೆ ಕ್ಯಾಲ್ಸಿಯಂ ಬಹುಪಾಲು ಗೋಲಿಯಿಂದ ಹೊರಬಂದು ನೀರಿನಲ್ಲಿ ಸೇರಿಕೊಂಡಿರುತ್ತದೆ, ನೀರು ಹೋದಲ್ಲಿಗೆ ಅದೂ ಹೋಗುತ್ತದೆ. ಅದೇ ಕೋಷ್ಟಕ ಇದನ್ನು ತೋರಿಸುತ್ತದೆ: ಸಾದಾ ಮೊಸರಿನಲ್ಲಿ ನೂರು ಗ್ರಾಮಿಗೆ 121 ಮಿಲಿಗ್ರಾಂ ಕ್ಯಾಲ್ಸಿಯಂ, ಗ್ರೀಕ್ ಮೊಸರಿನಲ್ಲಿ 110. ಪ್ರೋಟೀನ್ ಮೂರು ಪಟ್ಟಾದರೂ ಕ್ಯಾಲ್ಸಿಯಂ ಇದ್ದಲ್ಲೇ ಇದೆ. ಇದನ್ನೇ ಒಂದು ಲೀಟರ್ ಹಾಲಿನ ಲೆಕ್ಕದಲ್ಲಿ ನೋಡಿದರೆ ನಷ್ಟದ ಪ್ರಮಾಣ ಕಣ್ಣಿಗೆ ಬೀಳುತ್ತದೆ. ಲೀಟರ್ ಹಾಲಿನಲ್ಲಿ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅದು ಶೇ. 10 ಪ್ರೋಟೀನ್ ಇರುವ ಬಸಿದ ಮೊಸರಾದರೆ ತೂಕ 300 ಗ್ರಾಮಿನ ಆಚೀಚೆ, ಅದರಲ್ಲಿ ಉಳಿಯುವ ಕ್ಯಾಲ್ಸಿಯಂ 350 ಮಿಲಿಗ್ರಾಂ ಮುಟ್ಟುವುದಿಲ್ಲ. ಮುಕ್ಕಾಲು ಪಾಲು ತಿಳಿನೀರಿನಲ್ಲಿ ಹೋಯಿತು. ಹುಳಿ ಪೂರ್ತಿ ಏರುವ ಮೊದಲೇ ಬಿಸಿಹಾಲನ್ನು ಒಡೆದು ಮಾಡುವ ಪನೀರಿನಲ್ಲಿ ಕ್ಯಾಲ್ಸಿಯಂ ಇದಕ್ಕಿಂತ ಬಹಳ ಹೆಚ್ಚು ಉಳಿಯುವುದು ಇದೇ ತತ್ವದಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಸೂಚಿಸುತ್ತದೆ. ಮೂಳೆಯ ಸಲುವಾಗಿ ಮೊಸರು ತಿನ್ನುವವರು ಎರಡು ಬಟ್ಟಲು ಸಾದಾ ಮೊಸರು ಬಿಟ್ಟು ಒಂದು ಸಣ್ಣ ಡಬ್ಬಿ ಬಸಿದ ಮೊಸರಿಗೆ ಹೊರಳಿದರೆ ಆ ಮಟ್ಟಿಗೆ ಕಳೆದುಕೊಳ್ಳುತ್ತಾರೆ.

ಕೊಬ್ಬಿನ ಕಥೆ ಇದಕ್ಕೆ ತದ್ವಿರುದ್ಧ. ಅದು ಬಲೆಯಲ್ಲೇ ಉಳಿಯುವುದರಿಂದ ಬಸಿದಷ್ಟೂ ಸಾಂದ್ರವಾಗುತ್ತದೆ. ಆದ್ದರಿಂದ ಯಾವ ಹಾಲಿನ ಮೊಸರು ಎಂಬುದು ಬಸಿದ ಮೊಸರಿನಲ್ಲಿ ಮಾಮೂಲಿಗಿಂತ ಹೆಚ್ಚು ಮುಖ್ಯ. ನಮ್ಮ ಪ್ಯಾಕೆಟ್ ಹಾಲುಗಳಲ್ಲಿ ಫುಲ್ ಕ್ರೀಮ್ ಹಾಲಿಗೆ ಕನಿಷ್ಠ ಶೇ. 6 ಕೊಬ್ಬು, ಟೋನ್ಡ್ ಹಾಲಿಗೆ ಶೇ. 3, ಡಬಲ್ ಟೋನ್ಡ್ ಹಾಲಿಗೆ ಶೇ. 1.5 ಎಂದು ನಿಗದಿಯಾಗಿದೆ. ಮೊಸರನ್ನು ಅರ್ಧ ತೂಕಕ್ಕೆ ಬಸಿದರೆ ಫುಲ್ ಕ್ರೀಮ್ ಹಾಲಿನದ್ದು ಶೇ. 12 ಕೊಬ್ಬಿನ ಪದಾರ್ಥವಾಗುತ್ತದೆ, ಪ್ರೋಟೀನ್‌ಗಿಂತ ಕೊಬ್ಬೇ ಸುಮಾರು ಎರಡು ಪಟ್ಟು. ಡಬಲ್ ಟೋನ್ಡ್ ಹಾಲಿನದ್ದಾದರೆ ಶೇ. 3 ಕೊಬ್ಬು, ಅದರ ಎರಡು ಪಟ್ಟಿಗೂ ಮಿಕ್ಕಿ ಪ್ರೋಟೀನ್. ಎರಡೂ ಬಸಿದ ಮೊಸರುಗಳೇ, ನೋಡಲು ಒಂದೇ ಥರ, ಆದರೆ ದೇಹಕ್ಕೆ ಅವು ಬೇರೆ ಬೇರೆ ಆಹಾರ. ಎಮ್ಮೆಹಾಲಿನಲ್ಲಿ ಕೊಬ್ಬು ಶೇ. 6ರಿಂದ 7ರವರೆಗೂ ಇರುವುದರಿಂದ ಅದರ ಚಕ್ಕಾ ರುಚಿಗೆ ಅಷ್ಟು ಚೆನ್ನ, ನಿತ್ಯದ ಪ್ರೋಟೀನ್ ಆಹಾರವಾಗಿ ಅಷ್ಟು ಭಾರ. ಶ್ರೀಖಂಡವಂತೂ ಚಕ್ಕಾದ ತೂಕಕ್ಕೆ ಹತ್ತಿರಹತ್ತಿರ ಸಕ್ಕರೆ ಬೆರೆಸಿ ಮಾಡುವ ಹಬ್ಬದ ಸಿಹಿ, ಅದನ್ನು ಹಾಗೆಯೇ ಸವಿಯಬೇಕು.

ಹಾಗಾದರೆ ಈ ಸಾಂದ್ರ ಪ್ರೋಟೀನ್ ಯಾರಿಗೆ ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 65 ಕಿಲೋ ತೂಕದ ಗಂಡಸಿಗೆ ಇದು ಸುಮಾರು 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ 46 ಗ್ರಾಂ. ಬೇಳೆ, ಕಾಳು, ಹಾಲು, ಮೊಟ್ಟೆ ಹದವಾಗಿ ಬೆರೆತ ಊಟದಲ್ಲಿ ಇದು ಕಷ್ಟವಲ್ಲ. ಕಷ್ಟವಾಗುವುದು ತಟ್ಟೆಯ ತುಂಬ ಅನ್ನವೋ ಮುದ್ದೆಯೋ ಇದ್ದು ಬೇಳೆ ತೆಳುಸಾರಾಗಿ ಇಳಿದಾಗ. ಧಾನ್ಯಗಳ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲದ ಕೊರತೆ, ಹಾಲಿನ ಪ್ರೋಟೀನಿನಲ್ಲಿ ಅದು ಧಾರಾಳ. ಹಾಗಾಗಿ ಅನ್ನಕ್ಕೆ ಮೊಸರು ಕಲಸುವ ನಮ್ಮ ರೂಢಿ ಪೋಷಣೆಯ ದೃಷ್ಟಿಯಿಂದಲೂ ಸರಿಯಾದ ಜೋಡಿ. ಬಸಿದ ಮೊಸರಿನ ನಿಜವಾದ ಉಪಯೋಗ ಹೊಟ್ಟೆಗೆ ಹೆಚ್ಚು ಹಿಡಿಸದವರಿಗೆ. ವಯಸ್ಸಾದವರಲ್ಲಿ ಮಾಂಸಖಂಡ ಕರಗುವುದನ್ನು ತಡೆಯಲು ಕಿಲೋಗೆ 1.0ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ಪ್ರೋಟ್-ಏಜ್ ಎಂಬ ಅಂತರರಾಷ್ಟ್ರೀಯ ತಜ್ಞರ ಗುಂಪು 2013ರಲ್ಲಿ ಸೂಚಿಸಿತು. ಬೇಡಿಕೆ ಏರುವ ಇದೇ ವಯಸ್ಸಿನಲ್ಲಿ ಹಸಿವು ಇಳಿಯುತ್ತದೆ, ಹಲ್ಲು ಕೈಕೊಡುತ್ತದೆ. ಅಗಿಯಬೇಕಿಲ್ಲದ, ನಾಲ್ಕಾರು ಚಮಚದಲ್ಲೇ 10 ಗ್ರಾಂ ಪ್ರೋಟೀನ್ ಕೊಡುವ ಆಹಾರ ಅವರಿಗೆ ದೊಡ್ಡ ಅನುಕೂಲ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೂ, ಊಟದ ಶಕ್ತಿಯಂಶ ಹೆಚ್ಚಿಸದೆ ಪ್ರೋಟೀನ್ ಹೆಚ್ಚಿಸಬೇಕಾದವರಿಗೂ ಇದೇ ಮಾತು ಸಲ್ಲುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಪ್ರೋಟೀನ್ ಮತ್ತು ರಂಜಕದ ಮಿತಿಯನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಮೊಸರು ತಿಂದರೆ ಮಧುಮೇಹ ಬರುವುದಿಲ್ಲ, ತೂಕ ಇಳಿಯುತ್ತದೆ ಎಂಬ ದೊಡ್ಡ ಮಾತುಗಳಿಗೆ ಆಧಾರವಿದೆಯೇ? ಆಧಾರವಿದೆ, ಆದರೆ ಅದು ಹೊರುವ ಭಾರಕ್ಕೆ ಮಿತಿಯಿದೆ. 2011ರಲ್ಲಿ ಹಾರ್ವರ್ಡ್‌ನ ಸಂಶೋಧಕರು 1,20,877 ಜನರ ಮಾಹಿತಿಯನ್ನು ಪರಿಶೀಲಿಸಿದಾಗ, ಮೊಸರನ್ನು ಹೆಚ್ಚಿಸಿಕೊಂಡವರಲ್ಲಿ ನಾಲ್ಕು ವರ್ಷಕ್ಕೆ ತೂಕ ಏರುವುದು ಸುಮಾರು 0.37 ಕಿಲೋದಷ್ಟು ಕಡಿಮೆ ಕಂಡಿತು. 2014ರ ಇನ್ನೊಂದು ವಿಶ್ಲೇಷಣೆಯಲ್ಲಿ ದಿನಕ್ಕೊಮ್ಮೆ ಮೊಸರು ತಿನ್ನುವವರಲ್ಲಿ ಟೈಪ್ 2 ಮಧುಮೇಹದ ಅಪಾಯ ಸುಮಾರು ಶೇ. 18ರಷ್ಟು ಕಡಿಮೆ ಇತ್ತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಮಾರ್ಚ್‌ನಲ್ಲಿ, ವಾರಕ್ಕೆ ಕನಿಷ್ಠ ಎರಡು ಕಪ್ ಮೊಸರು ಈ ಅಪಾಯ ಕಡಿಮೆ ಮಾಡಬಹುದು ಎಂದು ಲೇಬಲ್‌ನಲ್ಲಿ ಬರೆಯಲು ಅವಕಾಶ ಕೊಟ್ಟಿತು, ಸಾಕ್ಷ್ಯ ಸೀಮಿತ ಎಂಬ ಮಾತನ್ನೂ ಜೊತೆಗೇ ಸೇರಿಸಬೇಕೆಂಬ ಷರತ್ತಿನೊಂದಿಗೆ. ಆ ಷರತ್ತು ನ್ಯಾಯವಾದದ್ದು. ಇವೆಲ್ಲ ಜನ ತಾವಾಗಿ ತಿನ್ನುವುದನ್ನು ಗಮನಿಸಿದ ಅಧ್ಯಯನಗಳು. ಮೊಸರು ತಿನ್ನುವವರು ಸಾಮಾನ್ಯವಾಗಿ ಕಡಿಮೆ ಸೇದುತ್ತಾರೆ, ಹೆಚ್ಚು ನಡೆಯುತ್ತಾರೆ, ಅಂಥ ವ್ಯತ್ಯಾಸಗಳನ್ನು ಲೆಕ್ಕದಿಂದ ಪೂರ್ತಿ ಕಳೆಯಲಾಗದು. ಅಲ್ಲದೆ ಈ ಅಧ್ಯಯನಗಳು ಹೇಳುವುದು ಮೊಸರಿನ ಬಗ್ಗೆ, ಬಸಿದ ಮೊಸರು ಸಾದಾ ಮೊಸರಿಗಿಂತ ಮೇಲು ಎಂದು ಅವು ಹೇಳುವುದಿಲ್ಲ. ಹಾಗೆ ಎಳೆದು ತರುವುದು ಸಾಕ್ಷ್ಯವನ್ನು ಮೀರಿದ ಮಾತು.

ಬ್ಯಾಕ್ಟೀರಿಯಾಗಳ ಬಗ್ಗೆಯೂ ಇದೇ ಎಚ್ಚರ ಬೇಕು. 1905ರಲ್ಲಿ ಜಿನೀವಾದಲ್ಲಿ ಓದುತ್ತಿದ್ದ ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ ತನ್ನ ನಾಡಿನ ಮೊಸರಿನಲ್ಲಿ ಇಂದು ಲ್ಯಾಕ್ಟೋಬ್ಯಾಸಿಲಸ್ ಬಲ್ಗೇರಿಕಸ್ ಎಂದು ಕರೆಯುವ ಜೀವಾಣುವನ್ನು ಗುರುತಿಸಿದ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದ ಎಲೀ ಮೆಚ್ನಿಕಾಫ್ ಇಂಥ ಜೀವಾಣುಗಳು ಆಯುಷ್ಯ ಹೆಚ್ಚಿಸುತ್ತವೆ ಎಂದು ವಾದಿಸಿದ. ಬಲ್ಗೇರಿಕಸ್ ಮತ್ತು ಅದರ ಜೊತೆಗಾರ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್ ನಮ್ಮ ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಆದರೂ ಅವು ಹಾದುಹೋಗುವಾಗ ಮಾಡುವ ಒಂದು ಕೆಲಸ ಚೆನ್ನಾಗಿ ಸಾಬೀತಾಗಿದೆ: ಲ್ಯಾಕ್ಟೋಸ್ ಒಡೆಯುವ ಕಿಣ್ವವನ್ನು ಜೊತೆಗೇ ತರುತ್ತವೆ. ಜೀವಂತ ಮೊಸರು ಲ್ಯಾಕ್ಟೋಸ್ ಜೀರ್ಣಕ್ಕೆ ನೆರವಾಗುತ್ತದೆ ಎಂಬ ಹೇಳಿಕೆಯನ್ನು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಒಪ್ಪಿಕೊಂಡಿತು. ದೊಡ್ಡವರಾದ ಮೇಲೂ ಲ್ಯಾಕ್ಟೋಸ್ ಅರಗಿಸುವ ಆನುವಂಶಿಕ ಬದಲಾವಣೆ ಭಾರತದ ವಾಯವ್ಯ ಭಾಗದಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ವಿರಳ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಎಷ್ಟೋ ಮಂದಿಗೆ ಮೊಸರು ಒಗ್ಗುವುದಕ್ಕೆ ಜೀವಾಣುಗಳ ಈ ಕಿಣ್ವವೇ ಕಾರಣ. ಬಸಿದಾಗ ಲ್ಯಾಕ್ಟೋಸ್ ಇನ್ನಷ್ಟು ಇಳಿಯುವುದರಿಂದ ಇಂಥವರಿಗೆ ಬಸಿದ ಮೊಸರು ಇನ್ನೂ ಸಲೀಸು. ಆದರೆ ಹೆಪ್ಪುಗಟ್ಟಿದ ಮೇಲೆ ಕಾಯಿಸಿ ಡಬ್ಬಿಗೆ ತುಂಬಿದ ಪದಾರ್ಥದಲ್ಲಿ ಜೀವಾಣು ಸತ್ತಿರುತ್ತವೆ, ಅದರಿಂದ ಈ ಲಾಭ ಇಲ್ಲ.

ಅಂಗಡಿಯಲ್ಲಿ ಆರಿಸುವಾಗ ಮುಂಭಾಗದ ಹೆಸರನ್ನು ಬಿಟ್ಟು ಡಬ್ಬಿಯ ಹಿಂಭಾಗ ಓದಬೇಕು. ಬಸಿಯದೆಯೇ ದಪ್ಪಗಾಗಿಸುವ ದಾರಿಗಳಿವೆ: ಪಿಷ್ಟ, ಪೆಕ್ಟಿನ್, ಜೆಲಾಟಿನ್ ಸೇರಿಸಿದರೆ ಸಾದಾ ಮೊಸರೂ ಚಮಚದಲ್ಲಿ ನಿಲ್ಲುತ್ತದೆ, ಪ್ರೋಟೀನ್ ಮಾತ್ರ ಇದ್ದಷ್ಟೇ. ಅಂತರರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಸಾಂದ್ರ ಮೊಸರಿಗೆ ಕನಿಷ್ಠ ಶೇ. 5.6 ಪ್ರೋಟೀನ್ ಇರಬೇಕೆನ್ನುತ್ತದೆ. ಅದಕ್ಕಿಂತ ಕಡಿಮೆ ಇರುವ ಡಬ್ಬಿಗೆ ಹೆಚ್ಚು ಹಣ ಕೊಡಲು ಕಾರಣವಿಲ್ಲ. 8ರಿಂದ 10 ಇದ್ದರೆ ಅದು ನಿಜವಾಗಿ ಬಸಿದದ್ದು, ಅಥವಾ ಹಾಲಿನ ಪ್ರೋಟೀನ್ ಪುಡಿ ಸೇರಿಸಿದ್ದು. ಪದಾರ್ಥಗಳ ಪಟ್ಟಿಯಲ್ಲಿ ಹಾಲು ಮತ್ತು ಹೆಪ್ಪಿನ ಜೀವಾಣು ಬಿಟ್ಟು ಮತ್ತೇನಿದೆ ಎಂಬುದನ್ನು ನೋಡಿದರೆ ಎರಡರ ವ್ಯತ್ಯಾಸ ತಿಳಿಯುತ್ತದೆ. ಮುಂದಿನದು ಸಕ್ಕರೆ. ಭಾರತದ ಲೇಬಲ್ ನಿಯಮದಂತೆ ಒಟ್ಟು ಸಕ್ಕರೆ ಮತ್ತು ಸೇರಿಸಿದ ಸಕ್ಕರೆಯನ್ನು ಬೇರೆ ಬೇರೆ ನಮೂದಿಸಬೇಕು. ಸಾದಾ ಬಸಿದ ಮೊಸರಿನಲ್ಲಿ ಸೇರಿಸಿದ ಸಕ್ಕರೆ ಸೊನ್ನೆ. ಮಾವು, ಸ್ಟ್ರಾಬೆರಿ ಹೆಸರಿನ ಡಬ್ಬಿಯಲ್ಲಿ ಅದು ನೂರು ಗ್ರಾಮಿಗೆ 8 ಗ್ರಾಂ ಇದ್ದರೆ ಎರಡು ಟೀ ಚಮಚ ಸಕ್ಕರೆ ತಿಂದಂತೆ. ವಿಶ್ವ ಆರೋಗ್ಯ ಸಂಸ್ಥೆ ದಿನದ ಶಕ್ತಿಯ ಶೇ. 5ಕ್ಕೆ, ಅಂದರೆ ಸುಮಾರು 25 ಗ್ರಾಮಿಗೆ, ಸಕ್ಕರೆ ಇಳಿಸಿದರೆ ಒಳ್ಳೆಯದು ಎನ್ನುತ್ತದೆ. ಸಾದಾ ಮೊಸರು ಕೊಂಡು ಅದಕ್ಕೆ ಬಾಳೆಹಣ್ಣನ್ನೋ ಸೀಬೆಯನ್ನೋ ಹೆಚ್ಚಿ ಹಾಕಿಕೊಳ್ಳುವುದು ಎಲ್ಲ ಲೆಕ್ಕದಲ್ಲೂ ಉತ್ತಮ.

ಇಷ್ಟಾದರೂ ಬೆಲೆ ಹೆಚ್ಚಲ್ಲವೇ ಎಂಬ ಆಕ್ಷೇಪ ನಿಲ್ಲುತ್ತದೆ, ಅದು ಸರಿಯಾದ ಆಕ್ಷೇಪ. ಲೀಟರ್‌ಗಟ್ಟಲೆ ಹಾಲು ಸೇರಿ ಸ್ವಲ್ಪ ಮೊಸರಾಗುವುದರಿಂದ ಬೆಲೆ ಏರುವುದು ಅನಿವಾರ್ಯ. ಹೋಲಿಸಬೇಕಾದದ್ದು ಡಬ್ಬಿಯ ಬೆಲೆಯನ್ನಲ್ಲ, ಪ್ರೋಟೀನ್‌ನ ಪ್ರತಿ ಗ್ರಾಮಿನ ಬೆಲೆಯನ್ನು. ಆ ಲೆಕ್ಕದಲ್ಲಿ ಗೆಲ್ಲುವುದು ಮನೆಯಲ್ಲೇ ಬಸಿದದ್ದು. ಡಬಲ್ ಟೋನ್ಡ್ ಹಾಲನ್ನು ಚೆನ್ನಾಗಿ ಕಾಯಿಸಿ, ಉಗುರುಬೆಚ್ಚಗಾದಾಗ ಹೆಪ್ಪು ಹಾಕಿ, ಗಟ್ಟಿಯಾಗಿ ಕೂತ ಕೂಡಲೇ, ಹುಳಿ ಏರುವ ಮೊದಲು, ಫ್ರಿಜ್‌ಗೆ ಹಾಕಬೇಕು. ತಣ್ಣಗಾದ ಮೇಲೆ ಒಗೆದು ಕುದಿನೀರಿನಲ್ಲಿ ಅದ್ದಿದ ಮಲ್ ಬಟ್ಟೆಯನ್ನು ಜಾಲರಿಯ ಮೇಲೆ ಹರಡಿ, ಮೊಸರು ಸುರಿದು, ಕೆಳಗೆ ಪಾತ್ರೆ ಇಟ್ಟು, ಮುಚ್ಚಿ, ಮತ್ತೆ ಫ್ರಿಜ್‌ನಲ್ಲೇ ಬಿಡಬೇಕು. ಹೊರಗೆ ತೂಗುಹಾಕಿದರೆ ಸೆಖೆಗೆ ಹುಳಿ ಓಡುತ್ತದೆ, ಬೇಡದ ಸೂಕ್ಷ್ಮಜೀವಿಗಳೂ ಸೇರಿಕೊಳ್ಳಬಹುದು. ಒಂದು ಕಿಲೋ ಮೊಸರು ಅರ್ಧ ಕಿಲೋಗೆ ಇಳಿದರೆ ಪ್ರೋಟೀನ್ ಶೇ. 6 ದಾಟಿದೆ ಎಂದು ತಿಳಿಯಬಹುದು, ಇನ್ನೂ ಬಸಿದು 350 ಗ್ರಾಮಿಗೆ ತಂದರೆ ಶೇ. 9ರ ಹತ್ತಿರ. ಅಡುಗೆಮನೆಯ ತಕ್ಕಡಿ ಒಂದಿದ್ದರೆ ಲೇಬಲ್‌ನ ಅಗತ್ಯವೇ ಇಲ್ಲ.

ಮನೆಯಲ್ಲಿ ಬಸಿಯುವುದರ ಇನ್ನೊಂದು ಲಾಭ ಕೆಳಗಿನ ಪಾತ್ರೆಯಲ್ಲಿರುತ್ತದೆ. ಕಾರ್ಖಾನೆಗೆ ಈ ಹುಳಿನೀರು ದೊಡ್ಡ ತಲೆನೋವು. ಹೊಳೆಗೆ ಬಿಟ್ಟರೆ ಅದರ ಸಕ್ಕರೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳು ಸಾಯುತ್ತವೆ. ನ್ಯೂಯಾರ್ಕ್ ರಾಜ್ಯದ ಕಾರ್ಖಾನೆಗಳು ಅದನ್ನು ದನದ ಮೇವಿಗೆ, ಹೊಲಕ್ಕೆ, ಅನಿಲ ಸ್ಥಾವರಗಳಿಗೆ ಸಾಗಿಸಬೇಕಾಯಿತು. ಮನೆಯಲ್ಲಿ ಆ ನೀರು ಅರ್ಧ ಲೀಟರ್, ಮತ್ತು ಕಳೆದುಕೊಂಡೆವೆಂದು ಮೇಲೆ ಲೆಕ್ಕ ಹಾಕಿದ ಕ್ಯಾಲ್ಸಿಯಂ, ಪೊಟ್ಯಾಸಿಯಂ, ರೈಬೋಫ್ಲೇವಿನ್ ಅದರಲ್ಲೇ ಇವೆ. ಉಪ್ಪು, ಶುಂಠಿ, ಕರಿಬೇವು ಜಜ್ಜಿ ಹಾಕಿದರೆ ಕುಡಿಯುವ ನೀರುಮಜ್ಜಿಗೆಯಾಗುತ್ತದೆ. ಚಪಾತಿ ಹಿಟ್ಟು ಕಲಸಬಹುದು. ಸಾರಿಗೆ ಹುಣಸೆಯ ಬದಲು ಹಾಕಬಹುದು, ಆದರೆ ಬೇಳೆ ಬೆಂದ ಮೇಲೆ, ಏಕೆಂದರೆ ಹುಳಿಯಲ್ಲಿ ಬೇಳೆ ಬೇಗ ಮೆತ್ತಗಾಗದು. ಹೀಗೆ ಎರಡೂ ಪಾಲು ಒಂದೇ ಮನೆಯ ಊಟಕ್ಕೆ ಸೇರಿದರೆ ಬಸಿಯುವುದರಲ್ಲಿ ನಷ್ಟವೆಂಬುದೇ ಇಲ್ಲ.

ಬಸಿದ ಮೊಸರು ಒಳ್ಳೆಯ ಆಹಾರ, ಆದರೆ ಒಂದು ನಿರ್ದಿಷ್ಟ ಕೆಲಸಕ್ಕೆ. ಪ್ರೋಟೀನ್ ಸಾಲದ ಊಟಕ್ಕೆ, ಹಸಿವು ಕಡಿಮೆಯಾದ ವಯಸ್ಸಿಗೆ, ಹಾಲು ಒಗ್ಗದ ಹೊಟ್ಟೆಗೆ ಅದನ್ನು ಧೈರ್ಯವಾಗಿ ಆರಿಸಬಹುದು, ಕೊಬ್ಬು ಕಡಿಮೆ ಇರುವ ಹಾಲಿನದ್ದಾಗಿ, ಸಕ್ಕರೆ ಸೇರದ್ದಾಗಿ. ಮೂಳೆಯ ಕ್ಯಾಲ್ಸಿಯಂಗೆ, ಜೇಬಿನ ಹಿತಕ್ಕೆ, ದಿನದ ಅನ್ನಕ್ಕೆ ಸಾದಾ ಮೊಸರು ಇಂದಿಗೂ ಮುಂದಿದೆ. ಒಂದನ್ನು ಹೊಗಳಲು ಇನ್ನೊಂದನ್ನು ತಳ್ಳಿಹಾಕುವ ಅಗತ್ಯವಿಲ್ಲ. ನಮ್ಮ ತಟ್ಟೆಯಲ್ಲಿ ಏನು ಕಡಿಮೆಯಿದೆ ಎಂದು ಮೊದಲು ಕೇಳಿಕೊಂಡು, ಆಮೇಲೆ ಡಬ್ಬಿಯ ಹಿಂಭಾಗ ತಿರುಗಿಸಿ ನೋಡಿದರೆ ಆಯ್ಕೆ ಜಾಹೀರಾತಿನ ಕೈಯಿಂದ ನಮ್ಮ ಕೈಗೆ ಬರುತ್ತದೆ.